ಸೋದರಮಾವ ಕಳಿಸಿದ ಡಾಬು

ಬಿಡದಿ
9 ನವೆಂಬರ್ 2003

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಖಲಂದರಣ್ಣನ ಕೈಯಿಂದ ಪೊಟ್ಟಣ ಈಸಿಕೊಂಡು, ಒಳಗಿರುವುದನ್ನು ಕೆಳಗೆ ಬೀಳಿಸದೆ ತೆಗೆ. ರಾಮನಗರದಿಂದ ನಿಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರ್ ಆದರೂ ಆತ ಪೋಸ್ಟ್‌ಮ್ಯಾನ್‌ಗಿಂತ ನಂಬಿಕಸ್ತ. ಇನ್ನು ಮುಂದೆ ನಮ್ಮ ಕಾಗದಗಳೂ ಅವನ ಕೈಯಲ್ಲೇ ಓಡಾಡಲಿ.

ಬೆಂಕಿಪೊಟ್ಟಣದಷ್ಟು ಹಸಿರು ಹಲಗೆ ಕಾಣುತ್ತದಲ್ಲ, ಅದೇ ಪಂಪು. ನಗಬೇಡ. ನಮ್ಮ ಕಾರ್ಖಾನೆಯಲ್ಲಿ ದಿನಾ ತಯಾರಾಗುವ ಸರ್ಕ್ಯೂಟ್ ಬೋರ್ಡಿನ ತುಂಡು ಅದು. ಅದರ ಮೇಲೆ ತಾಮ್ರದ ಗೆರೆಯನ್ನು ಸುತ್ತಿ ಸುತ್ತಿ ಎಳೆದಿದ್ದೇನೆ. ಸೆಲ್ಲಿನ ಕರೆಂಟು ಹರಿದರೆ ಗೆರೆ ಬೆಚ್ಚಗಾಗುತ್ತದೆ, ಅದರ ಮೇಲೆ ಕೂರಿಸಿದ ಪುಟ್ಟ ಗುಳಿಯೊಳಗಿನ ಗಾಳಿ ಹಿಗ್ಗುತ್ತದೆ, ಮೇಲಿನ ತೆಳು ರಬ್ಬರ್ ಪೊರೆ ಉಬ್ಬಿ ಔಷಧಿಯ ಒಂದು ಹನಿಯನ್ನು ಮುಂದಕ್ಕೆ ತಳ್ಳುತ್ತದೆ. ಕರೆಂಟು ತಾನಾಗಿ ನಿಲ್ಲುತ್ತದೆ. ಗಾಳಿ ತಣ್ಣಗಾದಾಗ ಪೊರೆ ಕುಗ್ಗಿ ಸಿರಿಂಜಿನಿಂದ ಇನ್ನೊಂದು ಹನಿ ಎಳೆದುಕೊಳ್ಳುತ್ತದೆ. ಇಷ್ಟೇ ವಿದ್ಯೆ. ಇಷ್ಟಕ್ಕೆ ಪರದೇಶದವರು ಕೇಳುವ ಬೆಲೆಗೆ ನಿಮ್ಮ ಹಿಪ್ಪುನೇರಳೆ ತೋಟವೇ ಹೋಗಬೇಕು.

ಆಸ್ಪತ್ರೆಯವರು ಎರವಲು ಕೊಟ್ಟ ಪಂಪನ್ನು ವಾಪಸ್ ಕೇಳಿದ್ದಾರೆ, ಸಾಲಿನಲ್ಲಿ ಬೇರೆ ಮಕ್ಕಳಿದ್ದಾರಂತೆ ಎಂದು ನೀನು ಬರೆದಿದ್ದೆಯಲ್ಲ, ಆ ದಿನದಿಂದ ನಾನು ಸರಿಯಾಗಿ ಊಟ ಮಾಡಿಲ್ಲ. ಶ್ವೇತಳಿಗೆ ತಿಂಗಳು ತಿಂಗಳು ರಕ್ತ ಹಾಕಿಸದೆ ಗತಿಯಿಲ್ಲ. ಹಾಕಿಸಿದ ರಕ್ತದ ಕಬ್ಬಿಣ ಒಳಗೇ ಕೂತರೆ ಆ ಪುಟ್ಟ ಗುಂಡಿಗೆ ತಡೆಯುವುದಿಲ್ಲ. ಅದನ್ನು ಮೂತ್ರದಲ್ಲಿ ಹೊರಗೆ ಹಾಕುವ ಔಷಧಿ ಚರ್ಮದ ಅಡಿಯಲ್ಲಿ ರಾತ್ರಿಯಿಡೀ ಹನಿ ಹನಿಯಾಗಿಯೇ ಹೋಗಬೇಕು. ಡಾಕ್ಟರಮ್ಮ ನಿನಗೆ ಹೇಳಿದ ಈ ಮಾತು ನನಗೆ ಬಾಯಿಪಾಠ.

ಸೂಜಿ ನೀನು ಚುಚ್ಚುವ ಹಾಗೆಯೇ. ಬೋರ್ಡನ್ನು ಬಟ್ಟೆಯ ಪಟ್ಟಿಯಲ್ಲಿಟ್ಟು ಸೊಂಟಕ್ಕೆ ಕಟ್ಟು. ಬೆಳಗಿನ ಮೂತ್ರ ಕೆಂಪಗೆ ಬಂದರೆ ಕಬ್ಬಿಣ ಹೋಗುತ್ತಿದೆ ಎಂದು ಅರ್ಥ.

ಒಂದು ಮಾತು. ಡಾಕ್ಟರಮ್ಮನಿಗೆ ಈಗಲೇ ತೋರಿಸಬೇಡ. ಜನವರಿಯ ರಕ್ತಪರೀಕ್ಷೆ ಚೆನ್ನಾಗಿ ಬರಲಿ, ನಾನೇ ಹೋಗಿ ಮುಂದಿಡುತ್ತೇನೆ. ನಮ್ಮ ಓನರ್ ಚೆಲುವಯ್ಯನವರು, "ನಿಮ್ಮಕ್ಕನ ಮೊಗೀಗೆ ಸರಿ ಹೋದ್ರೆ ಆ ಆಸ್ಪತ್ರೆ ಮಕ್ಳಿಗೆಲ್ಲ ನಾವೇ ಮಾಡನ ಕಣ್ಲಾ" ಎಂದಿದ್ದಾರೆ. ನಾನು ಬೋರ್ಡಿಗೆ ತೂತು ಕೊರೆಯುವವನಾಗಿಯೇ ಸಾಯಬೇಕಿಲ್ಲ ಅನ್ನಿಸಿದ್ದು ಅವತ್ತೇ.

ಮಧು


ಉಯ್ಯಂಬಳ್ಳಿ
20 ನವೆಂಬರ್ 2003

ಮಧು,

ಕೆಂಪಗೆ ಬಂತು ಕಣೋ. ಮೊದಲ ದಿನವೇ ಬಂತು. ಬೆಳಿಗ್ಗೆ ನಾನು ಬಚ್ಚಲಲ್ಲಿ ಕೂತು ಅತ್ತಿದ್ದನ್ನು ನೋಡಿ ನಿನ್ನ ಭಾವ ಏನೋ ಅನಾಹುತವಾಯಿತೆಂದು ಓಡಿ ಬಂದರು. ನಾನು ತೋರಿಸಿದೆ. ಬಗ್ಗಿ ನೋಡಿದರು. ಆಮೇಲೆ ಹೊರಗೆ ಹೋಗಿ ಯಾರ ಹತ್ತಿರವೋ ಬೀಡಿ ಕೇಳಿದರು. ರೇಷ್ಮೆಹುಳ ಸಾಕುವ ಮನೆ, ಹೊಗೆ ಆಗದೆಂದು ಬೀಡಿ ಬಿಟ್ಟು ಎಷ್ಟೋ ವರ್ಷವಾಗಿತ್ತು.

ನಮ್ಮ ಅತ್ತೆಯ ಮಾತು ಕೇಳು. ಪಟ್ಟಿ ಕಟ್ಟುವಾಗ ಪಕ್ಕ ಕೂತು, "ಸೋದರಮಾವ ಸೊಂಟಕ್ಕೆ ಡಾಬು ಮಾಡ್ಸಿ ಕಳ್ಸವ್ನೆ ನೋಡವ್ವ. ಚಿನ್ನುದ್ದಲ್ಲ, ತಾಮ್ರುದ್ದು. ಜಿಪುಣ ನನ್ಮಗ" ಎನ್ನುತ್ತಾರೆ. ಶ್ವೇತ ಈಗ ಅದನ್ನು ಡಾಬು ಎಂದೇ ಕರೆಯುವುದು. ಖಲಂದರಣ್ಣನ ಬಸ್ಸಿನ ಹಾರ್ನ್ ಕೇಳಿದರೆ ಮಾವ ಇನ್ನೇನು ಕಳಿಸಿದ ಎಂದು ರಸ್ತೆಗೆ ಓಡುತ್ತಾಳೆ.

ಆಸ್ಪತ್ರೆ ಪಂಪು ಕೊಟ್ಟು ಬಂದೆವು. ಡಾಕ್ಟರಮ್ಮ "ಮುಂದೇನು ಮಾಡ್ತೀರಿ" ಎಂದು ಕೇಳಿದರು. "ಒಂದು ಸಿಕ್ಕಿದೆ ಮೇಡಂ" ಎಂದೆ, ಅಷ್ಟೇ. ಅವರ ಮುಖ ನೋಡಿಕೊಂಡು ಅರ್ಧ ಹೇಳುವುದು ನನಗೆ ಕಷ್ಟವಾಯಿತು. ನೀನು ಹೇಳಿದ್ದೀಯೆಂದು ಬಾಯಿ ಮುಚ್ಚಿಕೊಂಡೆ.

ಮುಂದಿನ ವಾರ ಹುಳ ತರುತ್ತೇವೆ. ಆಮೇಲೆ ಬರೆಯಲು ಬಿಡುವಾಗದಿದ್ದರೆ ಸಿಟ್ಟಾಗಬೇಡ.

ಅಕ್ಕ


ಉಯ್ಯಂಬಳ್ಳಿ
14 ಡಿಸೆಂಬರ್ 2003

ಮಧು,

ನಿನ್ನ ಎರಡೂ ಕಾಗದ ಬಂದವು. ಹುಳ ಎರಡನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದಿವೆ. ಸೊಪ್ಪು ಕೊಯ್ದು, ಹೆಚ್ಚಿ, ಹಾಕುವಷ್ಟರಲ್ಲಿ ಬೆನ್ನು ಬಿದ್ದು ಹೋಗುತ್ತದೆ. ಈ ವರ್ಷ ಚಳಿ ಹೆಚ್ಚು.

ಶ್ವೇತ ಚೆನ್ನಾಗಿದ್ದಾಳೆ. ನನ್ನ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತೇನೆ. ಪಂಪು ಸ್ವಲ್ಪ ನಿಧಾನವಾಗಿದೆ ಅನ್ನಿಸುತ್ತದೆ. ಬೆಳಿಗ್ಗೆ ನೋಡಿದರೆ ಸಿರಿಂಜಿನಲ್ಲಿ ಒಂದಿಷ್ಟು ಉಳಿದಿರುತ್ತದೆ. ಹೆಚ್ಚೇನಲ್ಲ. ನಾನು ನೋಡಿಕೊಳ್ಳುತ್ತೇನೆ.

ನಿಮ್ಮ ಓನರ್ ಯಾರೋ ದೊಡ್ಡವರಿಗೆ ಪಂಪಿನ ವಿಷಯ ಹೇಳಿದ್ದಾರೆ ಎಂದು ಬರೆದಿದ್ದೀಯ. ಅದನ್ನು ಓದಿ ನಿನ್ನ ಭಾವನೂ ಅತ್ತೆಯೂ ಎಷ್ಟು ಹಿಗ್ಗಿದರು ಗೊತ್ತೇ? ಮಾಗಡಿಗೂ ಬರೆ, ಅಪ್ಪ ಖುಷಿ ಪಡುತ್ತಾರೆ.

ಅಕ್ಕ


ಬಿಡದಿ
20 ಡಿಸೆಂಬರ್ 2003

ಅಕ್ಕಾ,

ನಿಧಾನ ಅಂದೆಯಲ್ಲ, ಅದಕ್ಕೆ ಮದ್ದು ಇದರ ಜೊತೆಗಿದೆ. ಹಳೆಯದನ್ನು ಬಿಚ್ಚಿ ಈ ಹೊಸ ಬೋರ್ಡು ಕಟ್ಟು. ತಾಮ್ರದ ಗೆರೆ ಇನ್ನೂ ಸಣ್ಣಗೆ ಮಾಡಿ, ಸುತ್ತು ಜಾಸ್ತಿ ಕೊಟ್ಟು, ಶಾಖ ಹೆಚ್ಚಿಸಿದ್ದೇನೆ. ಶಾಖ ಹೆಚ್ಚಾದರೆ ಗಾಳಿ ಜೋರಾಗಿ ಹಿಗ್ಗುತ್ತದೆ, ಹನಿ ದೊಡ್ಡದಾಗುತ್ತದೆ. ಮೈಗೆ ತಾಗುವ ಕಡೆ ಸ್ಪಂಜ್ ಅಂಟಿಸಿದ್ದೇನೆ, ಹೆದರಬೇಡ. ಇಲ್ಲಿ ಟೇಬಲ್ ಮೇಲಿಟ್ಟು ಮೂರು ರಾತ್ರಿ ಓಡಿಸಿದೆ. ಬೆಳಗಿನ ಚಳಿಗೆ ನನ್ನ ಕೈ ಮರಗಟ್ಟುತ್ತಿತ್ತು, ಪಂಪು ಮಾತ್ರ ಗಡಿಯಾರದ ಹಾಗೆ ಹನಿ ಉದುರಿಸುತ್ತಿತ್ತು.

ಚೆಲುವಯ್ಯನವರು ಮೂಲೆಯಲ್ಲಿ ನನಗೊಂದು ಬೇರೆ ಟೇಬಲ್ ಹಾಕಿಸಿದ್ದಾರೆ. ಗೋಡೆಗೆ ಶ್ವೇತಳ ಫೋಟೋ ಅಂಟಿಸಿದ್ದೇನೆ. ನೋಡಿದವರಿಗೆಲ್ಲ ಓನರ್ "ಇದು ಈ ಮೊಗ ಕಟ್ಕಂಡಿರೋ ಪಂಪು" ಎನ್ನುತ್ತಾರೆ. ನನಗೆ ಒಂಥರಾ ನಾಚಿಕೆ, ಒಂಥರಾ ಜಂಭ. ಎಲ್ಲವೂ ಜನವರಿ ರಿಪೋರ್ಟಿನ ಮೇಲಿದೆ. ಒಂದು ದಿನವೂ ತಪ್ಪಿಸಬೇಡ, ನಿನ್ನ ದಮ್ಮಯ್ಯ.

ಸಂಕ್ರಾಂತಿಗೆ ಎಳ್ಳು ಬೆಲ್ಲ ತಿನ್ನಲು ಬರುತ್ತೇನೆ.

ಮಧು


ಉಯ್ಯಂಬಳ್ಳಿ
4 ಜನವರಿ 2004

ಮಧು,

ಹೊಸದು ಬಂತು. ಕಟ್ಟಿದೆವು. ಇನ್ನು ಬೇರೆ ಕಳಿಸಬೇಡ, ಇದೇ ಸಾಕು.

ಸಂಕ್ರಾಂತಿಗೆ ಬರಬೇಡ. ಆಗ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊರಗಿನವರು ಬಂದರೆ ಅತ್ತೆಗೂ ಆಗುವುದಿಲ್ಲ. ಎಳ್ಳು ಬೆಲ್ಲ ಖಲಂದರಣ್ಣನ ಕೈಲಿ ಕಳಿಸುತ್ತೇನೆ.

ಅಕ್ಕ


ಬಿಡದಿ
19 ಜನವರಿ 2004

ಅಕ್ಕಾ,

ನಾನು ಹೊರಗಿನವನು ಎಂದು ಗೊತ್ತಿರಲಿಲ್ಲ. ಈಗ ಗೊತ್ತಾಯಿತು, ಯಾಕೆ ಬರಬೇಡ ಎಂದೆ ಎಂದೂ ಗೊತ್ತಾಯಿತು.

ಶುಕ್ರವಾರ ಶ್ವೇತಳಿಗೆ ರಕ್ತ ಹಾಕುವ ದಿನ ಎಂದು ರಜೆ ಹಾಕಿ ಬೆಂಗಳೂರಿಗೆ ಹೋಗಿದ್ದೆ. ನಾನು ಹೋಗುವಷ್ಟರಲ್ಲಿ ನೀವು ಹೊರಟುಬಿಟ್ಟಿದ್ದಿರಿ. ಮಗುವಿನ ಮಾವ ಎಂದೆ. ನರ್ಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವಾದ್ರೂ ಓದಿದೋರ ಥರ ಕಾಣ್ತೀರ. ಈ ಕಾಲದಲ್ಲೂ ಮಗು ಹೊಟ್ಟೆಗೆ ಬರೆ ಹಾಕ್ತಾರಾ? ಅಜ್ಜಿನೇ ಒಪ್ಕೊಂಡ್ರು" ಎಂದಳು. ವಾರ್ಡಿನ ಜನರೆಲ್ಲ ತಿರುಗಿ ನೋಡಿದರು. ಕಬ್ಬಿಣದ ಅಂಶವೂ ಇಳಿದಿಲ್ಲವಂತೆ, ಏರಿದೆಯಂತೆ. ಮನೆಯಲ್ಲಿ ಔಷಧಿ ಕೊಡುತ್ತಲೇ ಇಲ್ಲ, ನಾಟು ಮದ್ದು ಮಾಡಿಸುತ್ತಿದ್ದಾರೆ ಎಂದು ಡಾಕ್ಟರಮ್ಮ ಬರೆದಿದ್ದಾರಂತೆ.

ಅಕ್ಕ, ನಾನು ಇಲ್ಲಿ ಕಣ್ಣು ಕಿತ್ತುಕೊಂಡು ಕೂದಲೆಳೆಯಷ್ಟು ತಾಮ್ರ ಕೊರೆಯುತ್ತ ಕೂತಿದ್ದರೆ ನೀವು ಅಲ್ಲಿ ಒಲೆಯಲ್ಲಿ ಕಬ್ಬಿಣ ಕಾಯಿಸುತ್ತಿದ್ದಿರಾ? ನಿನ್ನ ಅತ್ತೆ ಬೈರಮ್ಮ ಭಾವನಿಗೂ ಮಗುವಾಗಿದ್ದಾಗ ಬರೆ ಎಳೆದಿದ್ದರೆಂದು ನೀನೇ ಒಮ್ಮೆ ಹೇಳಿದ್ದೆ. ಕಲಿತ ಬುದ್ಧಿ ಬಿಡುವುದಿಲ್ಲ. ಆದರೆ ನೀನು? ಪಿ.ಯು.ಸಿ. ಓದಿದವಳು, ಮಗುವಿನ ಕೈಕಾಲು ಹಿಡಿದುಕೊಂಡು ಕೂತಿದ್ದೆಯಾ? ಬೋರ್ಡು ಯಾವ ಗೂಟಕ್ಕೆ ನೇತು ಹಾಕಿದ್ದೀರಿ?

ನಾನು ಅಪ್ಪನಿಗೆ ಬರೆಯುತ್ತೇನೆ. ಶ್ವೇತಳನ್ನು ಮಾಗಡಿಗೆ ಕರೆದುಕೊಂಡು ಹೋಗಲಿ. ಆ ಮನೆಯಲ್ಲಿ ಅವಳು ಉಳಿಯುವುದಿಲ್ಲ. ಯಾರು ಬರೆ ಎಳೆದರು, ಯಾವತ್ತು ಎಳೆದರು, ನೀನು ಎಲ್ಲಿದ್ದೆ, ಇಷ್ಟನ್ನು ಬರೆ.

ಮಧು


ಉಯ್ಯಂಬಳ್ಳಿ
30 ಜನವರಿ 2004

ಮಧು,

ನಿನ್ನ ಕಾಗದ ಓದಿ ಒಲೆಗೆ ಹಾಕಬೇಕು ಅನ್ನಿಸಿತು. ಹಾಕಲಿಲ್ಲ. ಉತ್ತರ ಬರೆಯುವುದೂ ಬೇಡವೆಂದಿದ್ದೆ. ನೀನು ಅಪ್ಪನಿಗೆ ಬರೆಯುತ್ತೇನೆ ಎಂದಿದ್ದಕ್ಕೆ ಬರೆಯುತ್ತಿದ್ದೇನೆ. ವಯಸ್ಸಾದ ಜೀವ, ಅವರನ್ನು ಇದರಲ್ಲಿ ಎಳೆಯಬೇಡ.

ಯಾರು ಬರೆ ಎಳೆದರು ಎಂದು ಕೇಳಿದ್ದೀಯ. ನಿನ್ನ ಬೋರ್ಡು ಎಳೆಯಿತು.

ನಿನ್ನ ಮೊದಲನೆಯ ಬೋರ್ಡು ಹುಳ ತಂದ ಮೇಲೆ ದಿನದಿನಕ್ಕೂ ನಿಧಾನವಾಯಿತು. ಕೊನೆಕೊನೆಗೆ ಬೆಳಗಿನ ಹೊತ್ತಿಗೆ ಅರ್ಧಕ್ಕರ್ಧ ಔಷಧಿ ಹಾಗೇ ಇರುತ್ತಿತ್ತು. ಕೆಂಪು ಬಣ್ಣ ಹೋಗಿ ಹಳದಿಯಾಗಿತ್ತು. ನಿನಗೆ "ಸ್ವಲ್ಪ" ಎಂದು ಬರೆದೆ. ನಿನ್ನ ಆಸೆ, ನಿಮ್ಮ ಓನರ್ ಮಾತು ಎಲ್ಲ ಕಣ್ಣ ಮುಂದಿತ್ತು. ಉಳಿದ ಔಷಧಿಯನ್ನು ನಾನೇ ಹೆಬ್ಬೆರಳಲ್ಲಿ ಒತ್ತಿ ಒಳಗೆ ಹಾಕುತ್ತಿದ್ದೆ. ಹೊಟ್ಟೆಯಲ್ಲಿ ಗಂಟು ಗಂಟು ಎದ್ದವು. ಮಗು "ಅಮ್ಮ ಒತ್ತಬ್ಯಾಡ, ಡಾಬೇ ಮಾಡ್ಲಿ" ಎನ್ನುತ್ತಿತ್ತು.

ಆಮೇಲೆ ನಿನ್ನ ಎರಡನೆಯದು ಬಂತು. ನಾವು ಹುಳದ ಮನೆಯಲ್ಲೇ ಮಲಗುವುದು. ಚಳಿಗಾಲದಲ್ಲಿ ಹುಳಕ್ಕೆ ಶಾಖ ಬೇಕು, ರಾತ್ರಿ ಸೊಪ್ಪು ಹಾಕಲು ಏಳಬೇಕು, ಅಗ್ಗಿಷ್ಟಿಕೆ ಆರದಂತೆ ನೋಡಬೇಕು. ಮಗುವೂ ಅಲ್ಲೇ ಬೆಚ್ಚಗೆ, ಕಂಬಳಿಯ ಒಳಗೆ. ಅಲ್ಲಿದ್ದರೆ ಸೂಜಿ ಕಳಚಿದರೂ ನನಗೆ ಕಾಣುತ್ತದೆ. ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದರೆ ಚರ್ಮ ಪಟ್ಟಿಗೆ ಅಂಟಿಕೊಂಡು ಬಂತು. ನಿನ್ನ ತಾಮ್ರದ ಗೆರೆ ಹೇಗೆ ಸುತ್ತಿದೆಯೋ ಹಾಗೇ ಹೊಟ್ಟೆಯ ಮೇಲೆ ಬೊಬ್ಬೆ. ಅವಳು ಕೂಗಲೂ ಇಲ್ಲ. ರಾತ್ರಿಯೆಲ್ಲ ಬಿಸಿಯಾಗ್ತಿತ್ತು, ಡಾಬು ಕೆಲಸ ಮಾಡ್ತಿದೆ ಅಂತ ಸುಮ್ಮನಿದ್ದೆ ಅಂದಳು. ಮಧು, ಆರು ವರ್ಷದ ಮಗು, ಮಾವನ ಪಂಪು ಕೆಡಬಾರದೆಂದು ಸುಮ್ಮನಿತ್ತು.

ಮುಲಾಮು ಹಚ್ಚಿದರೆ ಅದರ ವಾಸನೆಗೆ ಹುಳ ಸಾಯುತ್ತವೆ ಎಂದು ನಾನು ಅನುಮಾನಿಸಿದೆ. ನಿನ್ನ ಭಾವ, "ಹುಳ ಹಾಳಾಗೋದ್ರೆ ಹೋಗ್ಲಿ, ನೀನು ಮೊಗೀಗೆ ಹಚ್ಚು" ಎಂದು ಬಾಗಿಲಲ್ಲಿ ಮುಖ ತಿರುಗಿಸಿ ನಿಂತರು.

ಆಸ್ಪತ್ರೆಯಲ್ಲಿ ನಡೆದದ್ದು ಇದು. ಡಾಕ್ಟರಮ್ಮ ಲಂಗ ಎತ್ತಿ ನೋಡಿದವರೇ, "ಏನಿದು? ಬರೆ ಹಾಕಿಸಿದ್ದೀರಾ?" ಎಂದರು. ಪಂಪು ಅಂದರೆ ಯಾವ ಪಂಪು ಎನ್ನುತ್ತಾರೆ, ಯಾರು ಮಾಡಿದ್ದು ಎನ್ನುತ್ತಾರೆ. ನೀನು ಹೇಳಬೇಡ ಅಂದಿದ್ದೀಯ. ಅಷ್ಟರಲ್ಲಿ ಅತ್ತೆ ಮುಂದೆ ಬಂದು, "ಊ ಕಣವ್ವ, ನಾನೇ ಎಳ್ದೆ. ಅವ್ಳಿಗೆ ಗೊತ್ತಿಲ್ಲ, ಸೊಪ್ಪಿಗೋಗಿದ್ಲು" ಎಂದುಬಿಟ್ಟರು. ಡಾಕ್ಟರಮ್ಮ ಬೈದ ಬೈಗುಳ ನಾನು ಬರೆಯಲಾರೆ. ವಾರ್ಡಿನ ತಾಯಂದಿರೆಲ್ಲ ತಮ್ಮ ಮಕ್ಕಳನ್ನು ಹತ್ತಿರಕ್ಕೆಳೆದುಕೊಂಡರು. ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದರು. ಇನ್ನು ಮನೆಗೆ ಔಷಧಿ ಕೊಡುವುದಿಲ್ಲ, ಮಗುವನ್ನು ಇಲ್ಲೇ ತಂದು ಸೇರಿಸಿ, ಇಲ್ಲದಿದ್ದರೆ ಪೊಲೀಸರಿಗೆ ತಿಳಿಸುತ್ತೇವೆ ಎಂದಿದ್ದಾರೆ. ಅವತ್ತಿನಿಂದ ಶ್ವೇತಳ ಮೈಗೆ ಒಂದು ಹನಿ ಔಷಧಿ ಹೋಗಿಲ್ಲ.

ಬಸ್ಸಿನಲ್ಲಿ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. "ನನ್ ಮಗನ್ಗೆ ಎಳ್ದಿದ್ದು ನಿಜ ತಾನೆ? ಆಗ ಯಾರೂ ಬೈಲಿಲ್ಲ. ಆ ಬೈಗ್ಳು ಈಗ ಬಂತು ಅನ್ಕತ್ತೀನಿ. ಹುಡ್ಗನ್ ಕೆಲ್ಸ ಉಳ್ಕಳ್ಳಿ" ಎಂದರು. ಅವರನ್ನು ನೀನು ಕಲಿತ ಬುದ್ಧಿ ಬಿಡುವುದಿಲ್ಲ ಎಂದು ಬರೆದೆ.

ಎರಡೂ ಬೋರ್ಡು ವಾಪಸ್ ಕಳಿಸಿದ್ದೇನೆ. ಎರಡನೆಯದನ್ನು ತೊಳೆದಿಲ್ಲ.

ಸೌಮ್ಯ


ಬಿಡದಿ
8 ಫೆಬ್ರವರಿ 2004

ಅಕ್ಕಾ,

ಪೊಟ್ಟಣ ಬಿಚ್ಚಿ ನೋಡಿದೆ. ನಮ್ಮಲ್ಲಿ ಬೋರ್ಡು ಒಣಗಿಸುವ ಬಿಸಿ ಕೋಣೆ ಇದೆ. ಅಲ್ಲಿ ಅದೇ ಬೋರ್ಡನ್ನು ನನ್ನ ಹೊಟ್ಟೆಗೆ ಕಟ್ಟಿಕೊಂಡು, ಕಂಬಳಿ ಹೊದ್ದು ಮಲಗಿದೆ. ನಾನು ಕೂಗಿದೆ ಅಕ್ಕ. ಬೆಳಗಿನವರೆಗೂ ತಡೆಯಲಾಗಲಿಲ್ಲ.

ಆಗ ಅರ್ಥವಾಯಿತು. ಹಿಗ್ಗಿದ ಗಾಳಿ ತಣ್ಣಗಾಗಬೇಕು, ಆಗಲೇ ಮುಂದಿನ ಹನಿ. ನಿಮ್ಮ ಹುಳದ ಮನೆಯ ಶಾಖದಲ್ಲಿ, ಕಂಬಳಿಯೊಳಗೆ ಅದು ತಣ್ಣಗಾಗಲೇ ಇಲ್ಲ. ಪೊರೆ ಉಬ್ಬಿದ್ದು ಉಬ್ಬಿದಂತೆಯೇ ನಿಂತಿತು. ಪಂಪಿಗೆ ಬೇಕಾಗಿದ್ದದ್ದು ತಂಪು, ನಾನು ಕಳಿಸಿದ್ದು ಇನ್ನಷ್ಟು ಬೆಂಕಿ. ಮಾಗಡಿಯ ರಾಗಿ ಹೊಲ, ತೆಂಗಿನ ತೋಟದಲ್ಲಿ ಬೆಳೆದ ನನಗೆ ಹುಳದ ಜೊತೆ ಜನ ಮಲಗುತ್ತಾರೆ ಎಂಬುದೇ ತಲೆಗೆ ಬಂದಿರಲಿಲ್ಲ. ಮಗು ಎಲ್ಲಿ ಮಲಗುತ್ತದೆ ಎಂದು ಒಂದು ಸಲ ಕೇಳಿದ್ದರೆ ಸಾಕಾಗಿತ್ತು. ಕೇಳಲಿಲ್ಲ. ನಿನ್ನ ಮನೆಗೆ ಬಂದು ನೋಡದೆ ಬಸ್ಸಿನಲ್ಲಿ ಬೋರ್ಡು ಕಳಿಸುತ್ತಲೇ ಇದ್ದೆ.

ಡಾಕ್ಟರಮ್ಮನಿಗೆ ಎಲ್ಲ ಹೇಳುತ್ತೇನೆ ಎಂದು ಚೆಲುವಯ್ಯನವರಿಗೆ ತಿಳಿಸಿದೆ. "ಬ್ಯಾಡ ಕಣ್ಲಾ. ಮುದ್ಕಿ ಒಪ್ಕಂಡವ್ಳಲ್ಲ, ಮುಗೀತಲ್ಲ. ಕಾರ್ಖಾನೆ ಹೆಸ್ರು ಯಾಕ್ಲಾ ತತ್ತೀಯಾ" ಎಂದರು. ಮಾರನೆಯ ದಿನ ಎರಡೂ ಬೋರ್ಡು ಹಿಡಿದುಕೊಂಡು ಬೆಂಗಳೂರಿಗೆ ಹೋದೆ.

ಡಾಕ್ಟರಮ್ಮ ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮಗುಗೆ ಕಟ್ಟೋ ಮೊದಲು ಯಾರ ಮೇಲೆ ಪರೀಕ್ಷೆ ಮಾಡಿದ್ರಿ?" ಎಂದರು. ಟೇಬಲ್ ಮೇಲೆ ಎಂದೆ. "ಟೇಬಲ್‌ಗೆ ಚರ್ಮ ಇರುತ್ತಾ?" ಎಂದರು. ನನ್ನ ಅಂಗಿ ಎತ್ತಿ ತೋರಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಅಜ್ಜಿ ಹೆಸರೇನು?" ಎಂದು ಕೇಳಿ ಬರೆದುಕೊಂಡರು. ಆಸ್ಪತ್ರೆಯ ಪಂಪು ಮತ್ತೆ ನಿಮಗೆ ಕೊಡುತ್ತಾರೆ. ಎಲ್ಲಿಯವರೆಗೆ ಎಂದು ಹೇಳಲಿಲ್ಲ, ಸಾಲು ಇನ್ನೂ ಹಾಗೇ ಇದೆ. ಔಷಧಿಯೂ ಕೊಡುತ್ತಾರೆ. ಹೊಸದಾಗಿ ಮಾಡುವುದಾದರೆ ತಮ್ಮ ಕಣ್ಣೆದುರಿಗೆ, ಔಷಧಿಯ ಬದಲು ನೀರು ತುಂಬಿಸಿ, ದೊಡ್ಡವರ ಮೈಮೇಲೆ ಎಂದರು.

ನನ್ನ ಟೇಬಲ್ ಎತ್ತಿಸಿದ್ದಾರೆ. ಮತ್ತೆ ತೂತು ಕೊರೆಯುವ ಮಿಷನ್ನಿಗೆ ಹಾಕಿದ್ದಾರೆ. ಅದರ ಬಗ್ಗೆ ನನಗೆ ದುಃಖವಿಲ್ಲ. ಬೈರಮ್ಮತ್ತೆಯ ಬಗ್ಗೆ ಬರೆದ ಮಾತು ಮಾತ್ರ ಗಂಟಲಲ್ಲಿ ಮುಳ್ಳಾಗಿದೆ. ನಾನು ಬಂದು ಅವರ ಕಾಲು ಹಿಡಿಯಬಹುದಾ? ನೀನು ಬಾ ಅಂದರೆ ಬರುತ್ತೇನೆ. ಇಲ್ಲದಿದ್ದರೆ ಇಲ್ಲ.

ಮಧು


ಉಯ್ಯಂಬಳ್ಳಿ
22 ಫೆಬ್ರವರಿ 2004

ಮಧು,

ಆಸ್ಪತ್ರೆ ಪಂಪು ತಂದೆವು. ನಿನ್ನೆ ಬೆಳಿಗ್ಗೆ ಮತ್ತೆ ಕೆಂಪಗೆ ಬಂತು. ನೋಡಿದೆ, ಈ ಸಲ ಅಳು ಬರಲಿಲ್ಲ. ಇದನ್ನು ಎಂದು ವಾಪಸ್ ಕೇಳುತ್ತಾರೋ ಎಂಬ ಲೆಕ್ಕವೇ ತಲೆಯಲ್ಲಿ.

ಡಾಕ್ಟರಮ್ಮ ಎಲ್ಲರ ಮುಂದೆ ಅತ್ತೆಯ ಕೈ ಹಿಡಿದುಕೊಂಡು, "ಬೈರಮ್ಮನೋರೇ, ತಪ್ಪು ತಿಳ್ಕೊಂಡೆ" ಎಂದರು. ಅತ್ತೆಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. "ಇರ್ಲಿ ಬುಡಿ, ನೀವು ಬೈದಿದ್ದು ಮೊಗೀಗೋಸ್ಕರ ತಾನೆ" ಎಂದರು. ಬಸ್ಸಿನಲ್ಲಿ ಬರುವಾಗ ಮಾತ್ರ, "ನಿನ್ ತಮ್ಮ ಕೆಲ್ಸ ಕಳ್ಕಂಡ್ನಾ?" ಎಂದು ಸಾತನೂರು ದಾಟುವವರೆಗೂ ಕೇಳುತ್ತಲೇ ಇದ್ದರು. ನಿನ್ನ ಕಾಗದದಲ್ಲಿ ಅವರ ಬಗ್ಗೆ ಇದ್ದ ಮಾತನ್ನು ನಾನು ಓದಿ ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿನ್ನ ಗಂಟಲಲ್ಲೇ ಇರಲಿ. ಕಾಲು ಹಿಡಿದು ಅವರನ್ನು ಗಾಬರಿ ಮಾಡಬೇಡ.

ನನಗೆ ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಹೋಗಿದೆ ಎಂದು ಬರೆದರೆ ಮತ್ತೆ "ಸ್ವಲ್ಪ ನಿಧಾನ" ಎಂದು ಬರೆದ ಹಾಗಾಗುತ್ತದೆ. ನನ್ನ ಮೇಲೂ ಸಿಟ್ಟಿದೆ. ಆ ಒಂದು ಮಾತನ್ನು ಇದ್ದ ಹಾಗೆ ಬರೆದಿದ್ದರೆ ನೀನು ಶಾಖ ಹೆಚ್ಚಿಸುವ ಮೊದಲು ಒಂದು ಸಲ ಬಂದು ನೋಡುತ್ತಿದ್ದೆಯೇನೋ.

ಪಂಪು ಮಾಡುವುದನ್ನು ಬಿಡಬೇಡ. ಇದು ಸಿಟ್ಟಿನಲ್ಲೇ ಹೇಳುವ ಮಾತು. ಆಸ್ಪತ್ರೆಯಲ್ಲಿ ನಮ್ಮ ಪಕ್ಕದ ಹಾಸಿಗೆಯ ಹುಡುಗಿ, ಹನುಮಂತಮ್ಮ ಎಂಬುವವರ ಮೊಮ್ಮಗಳು. ನಮಗೆ ಪಂಪು ಮತ್ತೆ ಕೊಟ್ಟಿದ್ದರಿಂದ ಅವಳ ಸರದಿ ಹಿಂದಕ್ಕೆ ಹೋಯಿತು. ಆ ಅಜ್ಜಿ ನನ್ನನ್ನು ಏನೂ ಅನ್ನಲಿಲ್ಲ, ನನ್ನ ಕೈಯಲ್ಲಿದ್ದ ಪಂಪಿನ ಪೆಟ್ಟಿಗೆಯನ್ನು ನೋಡುತ್ತ ಕೂತಿದ್ದರು. ಹಾಗಾಗಿ ನೀನು ಮಾಡಲೇಬೇಕು. ಆದರೆ ಮಾಡಿದ್ದನ್ನು ನೀನೇ ಕಟ್ಟಿಕೊಂಡು ನಮ್ಮ ಹುಳದ ಮನೆಯಲ್ಲಿ ಮಲಗಬೇಕು. ಬೆಳಿಗ್ಗೆ ನಿನ್ನ ಚರ್ಮ ನಾನು ನೋಡುತ್ತೇನೆ. ಡಾಕ್ಟರಮ್ಮ ನೋಡುತ್ತಾರೆ. ಅತ್ತೆ, "ನನ್ಗೂ ಒಂದ್ ಕಟ್ಲಿ, ಮುದ್ಕಿ ಚರ್ಮ ಎಮ್ಮೆ ಚರ್ಮ" ಎನ್ನುತ್ತಿದ್ದಾರೆ. ಬೇಡವೆಂದರೂ ಕೇಳುವವರಲ್ಲ.

ಅದೆಲ್ಲ ಆಮೇಲೆ. ಶ್ವೇತಳ ಗಾಯ ಮಾಯ್ದಿದೆ, ಕಲೆ ಉಳಿಯುತ್ತದೆ. ಈಗ ಮಾವನ ಬಸ್ಸು ಬಂತು ಎಂದು ಯಾರಾದರೂ ತಮಾಷೆಗೆ ಅಂದರೂ ಅವಳು ಎರಡು ಕೈಯಲ್ಲೂ ಹೊಟ್ಟೆ ಮುಚ್ಚಿಕೊಂಡು ಅಜ್ಜಿಯ ಹಿಂದೆ ಸರಿಯುತ್ತಾಳೆ. ಮಾವನ ಮೇಲೆ ಕೋಪವೇ ಎಂದರೆ ಇಲ್ಲ ಎನ್ನುತ್ತಾಳೆ. ಆದರೂ ಕೈ ತೆಗೆಯುವುದಿಲ್ಲ.

ಬರುವ ಭಾನುವಾರ ಬಾ. ಬೋರ್ಡು ತರಬೇಡ, ಬೊಂಬೆ ತರಬೇಡ, ಹಣ್ಣು ಹೂವು ಏನೂ ಬೇಡ. ಬಸ್ಸಿನಿಂದ ಇಳಿಯುವಾಗ ನಿನ್ನ ಕೈ ಎರಡೂ ಖಾಲಿ ಇರುವುದನ್ನು ಅವಳು ನೋಡಬೇಕು.

ಅಕ್ಕ